ಹರಳೆಣ್ಣೆಯೋ, ಕೊಬ್ಬರಿ ಎಣ್ಣೆಯೋ, ಅಂಗಡಿಯ ಬಾಟಲಿಯೋ? ಎಳೆ ಕೂಸಿನ ಚರ್ಮಕ್ಕೆ ಯಾವುದು ಸರಿ

ಹೆರಿಗೆಯಾಗಿ ಮನೆಗೆ ಬಂದ ಒಂದೇ ವಾರಕ್ಕೆ ನಮ್ಮ ಬಚ್ಚಲ ಕಿಟಕಿ ಕಟ್ಟೆಯಲ್ಲಿ ಜಾಗ ಸಾಲದಾಯಿತು. ಅಮ್ಮ ಶಿವಮೊಗ್ಗದಿಂದ ತಂದ ಹರಳೆಣ್ಣೆ. ಅತ್ತೆ ಗಾಣದಿಂದ ತರಿಸಿದ ಕೊಬ್ಬರಿ ಎಣ್ಣೆ. ಆಫೀಸಿನವರು ಕೊಟ್ಟ ಉಡುಗೊರೆ ಡಬ್ಬದಲ್ಲಿ ಬೇಬಿ ಆಯಿಲ್, ಲೋಷನ್, ಸೋಪು, ಪೌಡರ್. ಓರಗಿತ್ತಿ ಕಳಿಸಿದ ಆಲಿವ್ ಎಣ್ಣೆ. ಒಂದು ಡಬ್ಬಿ ಕಡಲೆಹಿಟ್ಟು. ಮಕ್ಕಳ ಡಾಕ್ಟರು ಮಾತ್ರ "ಸದ್ಯಕ್ಕೆ ಏನೂ ಬೇಡಮ್ಮ" ಅಂದಿದ್ದರು. ಎಲ್ಲರೂ ಪ್ರೀತಿಯಿಂದ ಹೇಳಿದವರೇ. ಯಾರ ಮಾತು ಕೇಳೋದು?

ನಾನು ಡಾಕ್ಟರಲ್ಲ, ಎರಡು ಮಕ್ಕಳ ತಾಯಿ. ಈಗ ಗೆಳತಿಯರು ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಇದು ತಿಂಗಳು ತುಂಬಿ, ಆರೋಗ್ಯವಾಗಿ ಹುಟ್ಟಿದ ಮಗುವಿನ ಮಾತು. 37 ವಾರಕ್ಕೆ ಮೊದಲೇ ಹುಟ್ಟಿದ ಅಥವಾ ತೂಕ ತೀರಾ ಕಡಿಮೆಯಿರುವ ಮಗುವಿನ ಚರ್ಮ ಇನ್ನೂ ನಾಜೂಕು. ಅಂಥ ಮಗುವಿಗೆ ಒಂದು ಹನಿ ಎಣ್ಣೆಯನ್ನೂ ಡಾಕ್ಟರನ್ನು ಕೇಳಿಯೇ ಹಚ್ಚಬೇಕು.

ಯಾವ ಅಳತೆಗೋಲಿನಿಂದ ನೋಡುವುದು

ಹುಟ್ಟಿದ ಮಗುವಿನ ಚರ್ಮ ನಮ್ಮದಕ್ಕಿಂತ ತೆಳು. ಒಳಗಿನ ತೇವ ಬೇಗ ಆರಿಹೋಗುತ್ತದೆ, ಹೊರಗೆ ಹಚ್ಚಿದ್ದು ಬೇಗ ಒಳಗಿಳಿಯುತ್ತದೆ. ದೊಡ್ಡವರ ಚರ್ಮದ ಮೇಲೆ ತುಸು ಹುಳಿ ಗುಣ ಇರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ ಪಿಎಚ್ ಸುಮಾರು 5.5 (ಪಿಎಚ್ ಎಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ರೋಗಾಣುಗಳಿಗೆ ಅದೊಂದು ಬೇಲಿ. ಮಗು ಹುಟ್ಟಿದಾಗ ಈ ಬೇಲಿ ಇನ್ನೂ ಎದ್ದಿರುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಚರ್ಮ ತಾನೇ ಅದನ್ನು ಕಟ್ಟಿಕೊಳ್ಳುತ್ತದೆ. ಮಗುವಿನ ಮೈಮೇಲೆ ಹುಟ್ಟುವಾಗ ಇರುವ ಬೆಣ್ಣೆಯಂಥ ಬಿಳಿ ಪದರವೂ ಕೊಳೆಯಲ್ಲ, ರಕ್ಷಣೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ನಾನವನ್ನು ಹುಟ್ಟಿ 24 ಗಂಟೆ ಕಳೆದ ಮೇಲೆ ಮಾಡಿಸಿ ಎನ್ನುತ್ತದೆ.

ಹಾಗಾಗಿ ಯಾವ ಬಾಟಲಿ ಕೈಗೆ ಬಂದರೂ ನನ್ನ ಮೊದಲ ಪ್ರಶ್ನೆ ಇದು: ಬೇಲಿ ಕಟ್ಟುವ ಕೆಲಸಕ್ಕೆ ಇದು ಅಡ್ಡ ಬರುತ್ತದೆಯೇ? ಎರಡನೆಯದು, ಅದರಲ್ಲಿ ಸುಗಂಧ ಇದೆಯೇ? ನಾವು "ಮಗುವಿನ ಪರಿಮಳ" ಎಂದುಕೊಂಡಿರುವ ವಾಸನೆ ಎಷ್ಟೋ ಸಲ ಕಾರ್ಖಾನೆಯದು. ಮಗುವಿಗೆ ಅದರಿಂದ ಲಾಭವಿಲ್ಲ, ಕೆಲವು ಮಕ್ಕಳಿಗೆ ತುರಿಕೆ ಬರುತ್ತದೆ. ಮೂರನೆಯದು, ನಿಮ್ಮೂರಿನ ಹವೆ ಮತ್ತು ನೀರು. ಮಂಗಳೂರಿನ ಮೇ ತಿಂಗಳ ಸೆಕೆಗೆ ಒಪ್ಪುವುದು ವಿಜಯಪುರದ ಒಣ ಗಾಳಿಗೆ ಒಪ್ಪಬೇಕೆಂದಿಲ್ಲ. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಪ್ರಕಾರ ಅದೇ ದೊಡ್ಡದು: ಹಚ್ಚುವ ಕೈ ಯಾರದು, ಅದು ಎಷ್ಟು ಮೆದು? ಖರ್ಚು ಆಮೇಲೆ. ಈ ವಿಷಯದಲ್ಲಿ ದುಬಾರಿಯದೇ ಒಳ್ಳೆಯದು ಎಂಬ ಲೆಕ್ಕ ನಡೆಯುವುದಿಲ್ಲ.

ಯಾವುದಕ್ಕೆ ಏನೂ ಬೇಡ

ಆಯ್ಕೆಗೆ ಮೊದಲು ಆಯ್ಕೆಯೇ ಬೇಕಿಲ್ಲದವನ್ನು ಬದಿಗಿಡೋಣ. ಅರ್ಧಕ್ಕರ್ಧ ಬಾಟಲಿಗಳು ಮನೆಗೆ ಬರುವುದೇ ಇವುಗಳ ಹೆದರಿಕೆಯಿಂದ.

ಹುಟ್ಟಿದ ಎರಡು ಮೂರನೇ ದಿನಕ್ಕೆ ಮೈಮೇಲೆ ಸೊಳ್ಳೆ ಕಚ್ಚಿದ ಹಾಗೆ ಕೆಂಪು ಮಚ್ಚೆ, ನಡುವೆ ಸಣ್ಣ ಹಳದಿ-ಬಿಳಿ ಗುಳ್ಳೆ ಕಾಣಿಸಬಹುದು. ತಿಂಗಳು ತುಂಬಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಇದು ಬರುತ್ತದೆ, ಒಂದೆರಡು ವಾರದಲ್ಲಿ ಹೋಗುತ್ತದೆ. ಮೂಗಿನ ಮೇಲಿನ ರಾಗಿ ಕಾಳಿನಂಥ ಬಿಳಿ ಚುಕ್ಕೆಗಳೂ ಅಷ್ಟೇ, ಹಿಂಡಬೇಡಿ. ಎರಡು ಮೂರು ವಾರಕ್ಕೆ ಕೆನ್ನೆ ಮೇಲೆ ಮೊಡವೆಯಂಥವು ಎದ್ದರೆ ನೀರಲ್ಲಿ ತೊಳೆದರೆ ಸಾಕು. ಕೈಕಾಲಿನ ಚರ್ಮ ಸಿಪ್ಪೆ ಸುಲಿಯುವುದು ಕೂಡ ಸಹಜ. ದಿನ ಮೀರಿ ಹುಟ್ಟಿದ ಮಕ್ಕಳಲ್ಲಿ ಜಾಸ್ತಿ.

ಬೆನ್ನಿನ ಕೆಳಗೆ, ಕುಂಡೆಯ ಮೇಲೆ ನೀಲಿ-ಬೂದು ಮಚ್ಚೆ ನಮ್ಮ ಕಡೆಯ ಮಕ್ಕಳಲ್ಲಿ ತೀರಾ ಸಾಮಾನ್ಯ. ಏಟು ಬಿದ್ದದ್ದಲ್ಲ, ಗ್ರಹಣದ್ದೂ ಅಲ್ಲ. ಬಣ್ಣದ ಕಣಗಳು ಚರ್ಮದ ಆಳದಲ್ಲಿ ಉಳಿದುಕೊಂಡಿರುತ್ತವೆ, ಬೆಳೆಯುತ್ತಾ ಮಾಸುತ್ತದೆ. ಹೊರದೇಶದಲ್ಲಿ ಇರುವವರು ಮೊದಲ ತಪಾಸಣೆಯಲ್ಲೇ ಇದನ್ನು ದಾಖಲೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಇದನ್ನು ನೋಡಿರದವರು ಮಗುವಿಗೆ ಹೊಡೆದ ಗುರುತು ಎಂದು ತಪ್ಪು ತಿಳಿದದ್ದುಂಟು.

ಎಣ್ಣೆಗಳ ಪಂಚಾಯ್ತಿ

ಎಣ್ಣೆಯಲ್ಲಿ ನೋಡಬೇಕಾದ್ದು ಎರಡು ಕೊಬ್ಬಿನಾಮ್ಲ. ಲಿನೋಲಿಯಿಕ್ ಆಮ್ಲ ಚರ್ಮದ ಬೇಲಿಗೆ ಸಾಮಗ್ರಿ ಒದಗಿಸುತ್ತದೆ. ಒಲಿಯಿಕ್ ಆಮ್ಲ ಜಾಸ್ತಿಯಾದರೆ ಆ ಬೇಲಿಯನ್ನು ಸಡಿಲ ಮಾಡುತ್ತದೆ. ಈ ಲೆಕ್ಕದಲ್ಲಿ ದುಬಾರಿ ಆಲಿವ್ ಎಣ್ಣೆ ಮೊದಲೇ ಸೋಲುತ್ತದೆ, ಅದರಲ್ಲಿ ಬಹುಪಾಲು ಒಲಿಯಿಕ್ ಆಮ್ಲವೇ. ಬಾದಾಮಿ ಎಣ್ಣೆಯದೂ ಹೆಚ್ಚುಕಡಿಮೆ ಅದೇ ಕಥೆ. ನನ್ನ ಓರಗಿತ್ತಿಯ ಬಾಟಲಿ ಕೊನೆಗೆ ಪಾಸ್ತಾಕ್ಕೆ ಹೋಯಿತು.

ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಜಾಸ್ತಿ. ಢಾಕಾದ ಮಕ್ಕಳ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಇದನ್ನು ಹಚ್ಚಿದಾಗ ಸೋಂಕು ಕಡಿಮೆಯಾದದ್ದು 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಹಾಗಂತ ಅಡುಗೆಮನೆಗೆ ಓಡಬೇಡಿ. ಮ್ಯಾಂಚೆಸ್ಟರಿನಲ್ಲಿ 115 ಆರೋಗ್ಯವಂತ ಮಕ್ಕಳ ಮೇಲೆ ನಾಲ್ಕು ವಾರ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆಲಿವ್ ಹಚ್ಚಿದವರಲ್ಲೂ ಸೂರ್ಯಕಾಂತಿ ಹಚ್ಚಿದವರಲ್ಲೂ ಚರ್ಮದ ತೇವ ಹೆಚ್ಚಿತು, ಆದರೆ ಚರ್ಮದ ಕೊಬ್ಬಿನ ಪದರಗಳು ಸರಿಯಾಗಿ ಜೋಡಣೆಯಾಗುವುದು ಹಿಂದುಳಿಯಿತು. ಅಂದರೆ ಎಣ್ಣೆ ಹಚ್ಚಲೇಬೇಕು ಎಂಬ ಕಡ್ಡಾಯ ಯಾವ ಮಗುವಿಗೂ ಇಲ್ಲ. ಎಣ್ಣೆ ಮುಟ್ಟದೆ ಬೆಳೆದ ಮಕ್ಕಳ ಚರ್ಮವೂ ಚೆನ್ನಾಗಿಯೇ ಇರುತ್ತದೆ.

ಆದರೂ ನಾವು ಹಚ್ಚುತ್ತೇವೆ. ನಾನೂ ಹಚ್ಚಿದೆ. ಎಣ್ಣೆ ನೀವುವಾಗ ಮಗು ಕೈಕಾಲು ಆಡಿಸಿ ಹಗುರಾಗಿ ಮಲಗುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಹಚ್ಚುವುದಾದರೆ ನನ್ನ ಮೊದಲ ಆಯ್ಕೆ ಕೊಬ್ಬರಿ ಎಣ್ಣೆ. ಲಾರಿಕ್ ಆಮ್ಲ ಎಂಬ ಇನ್ನೊಂದು ಕೊಬ್ಬಿನಾಮ್ಲ ಅದರಲ್ಲಿ ಹೆಚ್ಚು, ಒಲಿಯಿಕ್ ಕಡಿಮೆ. ತೆಳುವಾಗಿ ಹರಡುತ್ತದೆ, ತೇವ ಆರದಂತೆ ತಡೆಯುತ್ತದೆ, ಉಜ್ಜುವ ಕೆಲಸ ಇಲ್ಲ. ಸುಗಂಧ, ಬೆರಕೆ ಇಲ್ಲದ ಶುದ್ಧ ಎಣ್ಣೆಯಾದರೆ ಸಾಕು. ಅದರ ತೊಂದರೆ ಎಂದರೆ ಚಳಿಗೆ ಗಟ್ಟಿಯಾಗುವುದು. ಕೊಡಗು, ಮಲೆನಾಡಿನ ಡಿಸೆಂಬರಿನಲ್ಲಿ ಬಟ್ಟಲನ್ನು ಬಿಸಿನೀರಲ್ಲಿ ಇಟ್ಟು ಕರಗಿಸಬೇಕು.

ಎಳ್ಳೆಣ್ಣೆ ಎರಡನೆಯದು. ಎರಡೂ ಆಮ್ಲಗಳು ಅದರಲ್ಲಿ ಹೆಚ್ಚುಕಡಿಮೆ ಸಮ. ಉತ್ತರ ಕರ್ನಾಟಕದ ಒಣ ಹವೆಗೆ ಒಪ್ಪುತ್ತದೆ, ಚಳಿಗೆ ಗಟ್ಟಿಯಾಗುವುದಿಲ್ಲ. ಆದರೆ ಬೇಸಿಗೆಯಲ್ಲಿ ಭಾರ ಅನಿಸುತ್ತದೆ.

ಇನ್ನು ಹರಳೆಣ್ಣೆ. ಇಲ್ಲಿ ಅಮ್ಮನ ಜೊತೆ ನನ್ನ ಜಗಳ. ಹರಳೆಣ್ಣೆಯೇನೂ ವಿಷವಲ್ಲ. ಕಷ್ಟ ಇರುವುದು ಅದರ ಅಂಟಿನಲ್ಲಿ. ಅಂಟು ಹರಡಬೇಕಾದರೆ ತಿಕ್ಕಬೇಕು. ತಿಕ್ಕಿದ ಎಣ್ಣೆ ಬಿಡಿಸಲು ಕಡಲೆಹಿಟ್ಟು ಬೇಕು. ಹಿಟ್ಟು ಬಿಡಿಸಲು ಚೆನ್ನಾಗಿ ಕಾದ ನೀರು ಬೇಕು. ಕಾದ ನೀರಿಗೆ ಚರ್ಮ ಒಣಗುತ್ತದೆ, ಒಣಗಿತೆಂದು ಮತ್ತೆ ಎಣ್ಣೆ. ಎಣ್ಣೆ ಆರಿಸುವಾಗಲೇ ಸೋಪನ್ನೂ ನೀರಿನ ಬಿಸಿಯನ್ನೂ ಆರಿಸಿರುತ್ತೇವೆ ಎಂಬುದು ನನಗೆ ಹೊಳೆದದ್ದು ಎರಡನೇ ಮಗುವಿನ ಹೊತ್ತಿಗೆ. ಮನೆಯಲ್ಲಿ ಹಿರಿಯರು ಕೇಳದಿದ್ದರೆ ಒಂದು ಪಾಲು ಹರಳೆಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿ. ಅಮ್ಮನ ಮನಸ್ಸಿಗೂ ಸಮಾಧಾನ, ಮಗುವಿನ ಮೈಗೂ ಹಗುರ.

ಅಂಗಡಿಯ ಬೇಬಿ ಆಯಿಲ್ ಬಹುತೇಕ ಖನಿಜ ತೈಲ. ಕಮಟು ಹಿಡಿಯುವುದಿಲ್ಲ, ಅಲರ್ಜಿ ಅಪರೂಪ. ಚರ್ಮಕ್ಕೆ ಏನನ್ನೂ ಕೊಡುವುದೂ ಇಲ್ಲ, ಮೇಲೆ ಒಂದು ಮುಚ್ಚಳದ ಹಾಗೆ ಕೂರುತ್ತದೆ. ಸುಗಂಧ ಇಲ್ಲದ್ದು ಸಿಕ್ಕಿದರೆ ತಪ್ಪೇನಿಲ್ಲ. ಸಾಸಿವೆ ಎಣ್ಣೆ ಉತ್ತರ ಭಾರತದವರ ರೂಢಿ, ಅದರ ಘಾಟು ಎಳೆ ಚರ್ಮಕ್ಕೆ ಉರಿ, ಬೇಡ. ಕಡಲೆಕಾಯಿ ಎಣ್ಣೆಯೂ ಬೇಡ, ಚರ್ಮದ ಮೂಲಕ ಕಡಲೆಕಾಯಿ ಅಲರ್ಜಿ ಶುರುವಾಗುವ ಸಾಧ್ಯತೆ ಇದೆ.

ಯಾವುದನ್ನೇ ಆರಿಸಿ, ಮೊದಲು ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ಮೂಗಿಗೂ ಕಿವಿಗೂ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹೊಕ್ಕುಳ ಬಳ್ಳಿಗೆ ಎಣ್ಣೆ, ಅರಿಸಿನ, ಬೂದಿ ಯಾವುದೂ ಬೇಡ, ಒಣಗಿದ್ದರೆ ತಾನೇ ಬೀಳುತ್ತದೆ. ತಲೆ ಮೇಲೆ ಹಳದಿ ಹಕ್ಕಳೆ ಕಟ್ಟಿದ್ದರೆ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಮೆತ್ತನೆ ಬ್ರಷ್ಷಿನಿಂದ ಬಾಚಿ ತೊಳೆಯಿರಿ. ಉಗುರಿನಲ್ಲಿ ಕೀಳಬೇಡಿ, ಎಣ್ಣೆಯನ್ನು ಹಾಗೇ ಬಿಡಲೂಬೇಡಿ.

ಎರೆಯುವ ಕೈ

ಮಗುವಿಗೆ ಎಣ್ಣೆ-ನೀರು ಎರೆಯಲು ಬರುವ ಅಜ್ಜಿಯನ್ನು ಇಟ್ಟುಕೊಳ್ಳುವುದೋ, ಮನೆಯವರೇ ಮಾಡುವುದೋ? ಸಿಸೇರಿಯನ್ ಆದವರಿಗೆ, ಮನೆಯಲ್ಲಿ ಇನ್ನೊಬ್ಬರಿಲ್ಲದವರಿಗೆ ಎರೆಯುವವರು ದೇವರಿದ್ದ ಹಾಗೆ. ಆ ಕೈಗಳ ಅನುಭವ ದೊಡ್ಡದು. ಆದರೆ ನೀವು ಎದುರಿಗೆ ಕೂತಿರಬೇಕು. ಮೂಗು ನೀಳ ಮಾಡಲು ಒತ್ತುವುದು, ತಲೆ ಗುಂಡಗಾಗಲು ಅಮುಕುವುದು, ಕಾಲು ಹಿಡಿದು ಜೋತಾಡಿಸುವುದು, ಹಸುಗೂಸಿನ ಎದೆ ಹಿಂಡಿ ಹಾಲು ತೆಗೆಯುವುದು, ಇವು ನಾಲ್ಕಕ್ಕೂ ಬೇಡ ಎನ್ನಿ. ಎದೆ ಉಬ್ಬುವುದು ತಾಯಿಯ ಹಾರ್ಮೋನಿನಿಂದ, ತಾನೇ ಇಳಿಯುತ್ತದೆ. ಹಿಂಡಿದರೆ ಕೀವಾಗಬಹುದು. ನಮ್ಮ ಮನೆಗೆ ಬರುತ್ತಿದ್ದ ಅಜ್ಜಿಗೆ ನಾನು "ಬೇಡ" ಅನ್ನಲಿಲ್ಲ. "ಡಾಕ್ಟ್ರು ಬೈತಾರಜ್ಜಿ" ಅಂದೆ. ಕೆಲಸವಾಯಿತು.

ನೀರಿನ ಬಿಸಿ 37-38 ಡಿಗ್ರಿ, ಅಂದರೆ ಮೊಣಕೈ ಅದ್ದಿದರೆ ಬೆಚ್ಚಗೆ ಅನಿಸಬೇಕು, ಬಿಸಿ ಅನಿಸಬಾರದು. ಹಂಡೆಯ ನೀರಿಗೆ ಮಗು ಕೆಂಪಾದರೆ "ರಕ್ತ ಸಂಚಾರ" ಅಲ್ಲ, ಅದು ನೀರು ಹೆಚ್ಚು ಕಾದದ್ದರ ಗುರುತು. ಸ್ನಾನ ಐದರಿಂದ ಹತ್ತು ನಿಮಿಷ ಸಾಕು. ವಾರಕ್ಕೆ ಎರಡು ಮೂರು ಸ್ನಾನವೂ ಸಾಕು. ದಿನಾ ಬೇಕೆಂದರೆ ದಿನಾ ಬರೀ ನೀರು. ಆಮೇಲೆ ಸಾಂಬ್ರಾಣಿ ಹೊಗೆ ಬೇಡ. ಪರಿಮಳ ಬಟ್ಟೆಗೆ ಹಿಡಿಯುತ್ತದೆ, ಹೊಗೆ ಮಗುವಿನ ಎದೆಗೆ.

ಹಿಟ್ಟು, ಸೋಪು, ಬರೀ ನೀರು

ಮೊದಲ ತಿಂಗಳು ಬರೀ ನೀರು ಗೆಲ್ಲುತ್ತದೆ, ಅದೂ ಪುಕ್ಕಟೆ. ಕುಂಡೆ, ಕತ್ತಿನ ಸಂದು, ಹಾಲು ಜಿನುಗಿದ ಗದ್ದ, ಇಷ್ಟಕ್ಕೆ ಏನಾದರೂ ಬೇಕೆನಿಸಬಹುದು. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. "ಬೇಬಿ" ಎಂದು ಬರೆದಿದ್ದರೂ ಸೋಪು ಸೋಪೇ. ಅದು ಆ ಹುಳಿ ಬೇಲಿಯನ್ನು ತೊಳೆದುಹಾಕುತ್ತದೆ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ಇನ್ನೂ ಕಷ್ಟ, ನೊರೆ ಬರುವುದಿಲ್ಲ, ಬಿಳಿ ಜಿಡ್ಡು ಮೈಮೇಲೆ ಉಳಿಯುತ್ತದೆ. ಪಿಎಚ್ 5.5ರ, ಸುಗಂಧವಿಲ್ಲದ ಬೇಬಿ ವಾಷ್ ಸೋಪಿಗಿಂತ ಮೇಲು. ಬೆಲೆ ಜಾಸ್ತಿ. ಆದರೆ ವಾರಕ್ಕೆರಡು ಸಲ, ಒಂದೊಂದು ಹನಿ ಬಳಸಿದರೆ ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ.

ಕಡಲೆಹಿಟ್ಟು, ಹೆಸರುಹಿಟ್ಟಿನ ಪರವಾಗಿ ಹೇಳಬೇಕಾದ್ದು ಇಷ್ಟು: ಸುಗಂಧವಿಲ್ಲ, ಅಗ್ಗ, ಎಣ್ಣೆ ಎಳೆಯುತ್ತದೆ. ವಿರೋಧ: ಎಷ್ಟು ನುಣ್ಣಗೆ ಬೀಸಿದರೂ ತರಿ. ತಿಕ್ಕಿದಾಗ ಕಣ್ಣಿಗೆ ಕಾಣದ ಗೀರು ಬೀಳುತ್ತದೆ, ಸಂದುಗಳಲ್ಲಿ ಹಿಟ್ಟು ಕೂತು ಹುಳಿಯುತ್ತದೆ. ಚರ್ಮ ಒಡೆದಿದ್ದರೆ ತಿನ್ನುವ ಪುಡಿಗಳನ್ನು ಅದರ ಮೇಲೆ ಹಾಕಲೇಬಾರದು. ಮೈಮೇಲಿನ ಕೂದಲು ಉದುರಲೆಂದು ಹಿಟ್ಟು ಉರುಳಿಸುವವರಿಗೆ ಒಂದು ಮಾತು: ಆ ನವಿರು ಕೂದಲು ಕೆಲವು ವಾರ, ತಿಂಗಳುಗಳಲ್ಲಿ ಹೇಗೂ ಉದುರುತ್ತದೆ. ಹಿಟ್ಟಿಗೆ ಸುಮ್ನೆ ಹೆಸರು. ಬಣ್ಣ ಬಿಳುಪಾಗುತ್ತದೆ ಎಂಬುದೂ ಸುಳ್ಳು.

ಪೌಡರ್ ಬಗ್ಗೆ ಹೆಚ್ಚು ತೂಗಬೇಕಿಲ್ಲ. ಪೌಡರಿಗೆ ಹಾಕುವ ಟಾಲ್ಕ್ ಎಂಬ ಕಲ್ಲಿನ ಪುಡಿಯ ಧೂಳು ಮಗುವಿನ ಶ್ವಾಸಕ್ಕೆ ಕೆಟ್ಟದು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೇ 2023ರಲ್ಲಿ ಟಾಲ್ಕ್ ಬೇಬಿ ಪೌಡರನ್ನು ಜಗತ್ತಿನಾದ್ಯಂತ ನಿಲ್ಲಿಸಿ ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾಯಿತು. ಪಿಷ್ಟವೂ ಹಾರುವ ಧೂಳೇ. ನನ್ನ ದೊಡ್ಡ ಮಗಳ ಕತ್ತಿನ ಸಂದಿಯಲ್ಲಿ ಪೌಡರು ಬೆವರಿಗೆ ಉಂಡೆಯಾಗಿ ಹುಣ್ಣೇ ಆಗಿತ್ತು. ಬೆವರುಸಾಲೆಗೆ ಪೌಡರಿಗಿಂತ ಕಾಟನ್ ಅಂಗಿ, ಫ್ಯಾನು, ಒಂದು ಪದರ ಕಡಿಮೆ ಬಟ್ಟೆ ವಾಸಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಮಗುವಿಗೆ ಟೋಪಿ, ಸ್ವೆಟರ್, ಕಂಬಳಿ ಹೊದಿಸಿದ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಗುಳ್ಳೆ ಏಳದೆ ಇನ್ನೇನಾದೀತು?

ಲೋಷನ್, ಕ್ರೀಮು? ಒಣ ಊರಲ್ಲಿ, ಹೀಟರ್ ಹಾಕುವ ದೇಶದಲ್ಲಿ ಸುಗಂಧವಿಲ್ಲದ ಗಟ್ಟಿ ಕ್ರೀಮು ಎಣ್ಣೆಗಿಂತ ಚೆನ್ನಾಗಿ ತೇವ ಹಿಡಿಯುತ್ತದೆ. ತುರಿಗಜ್ಜಿಯಂತೆ ಕೆನ್ನೆ, ಮೊಣಕೈ ಒರಟಾಗಿ ತುರಿಸುವ ಎಕ್ಸಿಮಾ ಇರುವ ಮಗುವಿಗಂತೂ ಎಣ್ಣೆ ಸಾಲದು, ಕ್ರೀಮೇ ಬೇಕು. ಆದರೆ "ದಿನಾ ಹಚ್ಚಿದರೆ ಎಕ್ಸಿಮಾ ಬರುವುದೇ ಇಲ್ಲ" ಎಂಬ ಮಾತಿಗೆ ಮರುಳಾಗಬೇಡಿ. ಬ್ರಿಟನ್ನಿನಲ್ಲಿ ಸುಮಾರು 1,400 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2020ರಲ್ಲಿ ಅದು ಹಾಗಾಗುವುದಿಲ್ಲ ಎಂದು ತೋರಿಸಿತು.

ಲಂಗೋಟಿಯೋ ಡಯಾಪರೋ

ಉಚ್ಚೆ-ಕಕ್ಕದ ಒದ್ದೆ ಚರ್ಮಕ್ಕೆ ಎಷ್ಟು ಹೊತ್ತು ತಾಗಿರುತ್ತದೆ ಎಂಬುದರ ಮೇಲೆ ಕೆಂಪಾಗುವುದು ನಿಂತಿದೆ. ಬಟ್ಟೆಯೋ ಪ್ಲಾಸ್ಟಿಕ್ಕೋ ಎಂಬುದು ಆಮೇಲಿನ ಮಾತು. ಹಳೇ ಪಂಚೆಯ ಲಂಗೋಟಿ ಒದ್ದೆಯಾದ ತಕ್ಷಣ ಗೊತ್ತಾಗುತ್ತದೆ, ಗಾಳಿಯಾಡುತ್ತದೆ, ಖರ್ಚಿಲ್ಲ. ಆದರೆ ದಿನಕ್ಕೆ ಹದಿನೈದು ಇಪ್ಪತ್ತು ಬಟ್ಟೆ ಒಗೆಯುವವರು ಯಾರು? ಮಳೆಗಾಲದಲ್ಲಿ ಒಣಗಿಸುವುದು ಎಲ್ಲಿ? ಡಯಾಪರ್ ಒದ್ದೆ ಹೀರಿಕೊಂಡು ಚರ್ಮವನ್ನು ಒಣಗಿಡುತ್ತದೆ, ತಾಯಿಗೆ ನಿದ್ದೆ ಕೊಡುತ್ತದೆ. ಒಂದಕ್ಕೆ ಹತ್ತು ರೂಪಾಯಿ ಆಸುಪಾಸು ಎಂದರೂ ದಿನಕ್ಕೆ ಎಂಟರಂತೆ ತಿಂಗಳಿಗೆ 2,400. ಖರ್ಚು ಎಂದು ಅದನ್ನು ಆರೇಳು ಗಂಟೆ ಬಿಟ್ಟರೆ ಲಂಗೋಟಿಗಿಂತ ಕೆಟ್ಟದು. ನಾವು ಹಗಲು ಲಂಗೋಟಿ, ರಾತ್ರಿ ಡಯಾಪರ್ ಎಂದು ಪಾಲು ಮಾಡಿಕೊಂಡೆವು. ಒಬ್ಬರೇ ಇದ್ದು ಕೆಲಸಕ್ಕೆ ಹೋಗುವ ತಾಯಿಗೆ ಪೂರ್ತಿ ಡಯಾಪರ್ ಎಂದರೂ ನಾಚಿಕೆ ಪಡಬೇಕಿಲ್ಲ, ಎರಡು ಮೂರು ಗಂಟೆಗೊಮ್ಮೆ ಬದಲಿಸಿದರಾಯಿತು. ಒರೆಸಲು ಹತ್ತಿ ಮತ್ತು ನೀರು. ಪ್ರಯಾಣಕ್ಕೆ ಸುಗಂಧವಿಲ್ಲದ ವೈಪ್ಸ್ ಆಗಬಹುದು.

ಕೆಂಪಾದರೆ ಗಾಳಿಗೆ ಬಿಟ್ಟು, ಜಿಂಕ್ ಆಕ್ಸೈಡ್ ಕ್ರೀಮನ್ನು ದಪ್ಪಗೆ ಮೆತ್ತಿ. ಮೂರು ದಿನಕ್ಕೂ ಹೋಗದೆ, ಸಂದಿಯೊಳಗೆ ಗಾಢ ಕೆಂಪು, ಸುತ್ತ ಚುಕ್ಕೆ ಚುಕ್ಕೆ ಇದ್ದರೆ ಅದು ಬೂಷ್ಟಿನ ಸೋಂಕು. ಅದಕ್ಕೆ ಬೇರೆ ಔಷಧಿ ಬೇಕು, ಡಾಕ್ಟರು ಬರೆದುಕೊಡಬೇಕು. ಮೆಡಿಕಲ್ ಶಾಪಿನವರು "ಎಲ್ಲಕ್ಕೂ ಒಂದೇ" ಎಂದು ಕೊಡುವ ಟ್ಯೂಬುಗಳಲ್ಲಿ ಬಹಳಷ್ಟು ಸಲ ಸ್ಟೆರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ಮಾಯವಾದಂತೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ. ಕೇಳದೆ ಹಚ್ಚಬೇಡಿ.

ಬಟ್ಟೆಯ ಮಾತು ಬಂದದ್ದಕ್ಕೆ ಇನ್ನೊಂದು. ಅಜ್ಜಿಯ ಟ್ರಂಕಿನ ಮೆತ್ತನೆ ಹಳೇ ಸೀರೆ ಮಗುವಿಗೆ ಬಲು ಒಳ್ಳೆಯದು. ಆದರೆ ಅದರಲ್ಲಿ ನುಸಿಗುಳಿಗೆ ಹಾಕಿಟ್ಟಿದ್ದರೆ ಮಗುವಿಗೆ ಸುತ್ತಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆದು ಕಾಮಾಲೆ ಏರಿಸುತ್ತದೆ. ಅಂಥ ಮಕ್ಕಳಿಗೆ ಮೆಹಂದಿಯೂ ಅಪಾಯ. ಕಣ್ಣಿನ ಕಾಡಿಗೆ ಬೇಡ, ಕೆಲವದರಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟು ಇಡಲೇಬೇಕೆಂದರೆ ಮನೆಯಲ್ಲೇ ಮಾಡಿದ ಕಪ್ಪನ್ನು ಅಂಗಾಲಿಗೆ ಇಡಿ. ಅಲ್ಲಿದ್ದರೂ ದೃಷ್ಟಿ ತಾಕುವುದಿಲ್ಲ ಅಲ್ವಾ?

ಯಾವ ಮನೆಗೆ ಯಾವುದು

ಕೈ ಬಿಗಿಯಿದ್ದರೆ ಕೊಬ್ಬರಿ ಎಣ್ಣೆ, ನೀರು, ಹಳೇ ಹತ್ತಿ ಬಟ್ಟೆ, ಒಂದು ಜಿಂಕ್ ಟ್ಯೂಬು. ಇದರಿಂದ ಮಗುವಿಗೆ ಏನೂ ಕಮ್ಮಿಯಾಗುವುದಿಲ್ಲ. ಕರಾವಳಿಯಲ್ಲಿದ್ದರೆ ಎಣ್ಣೆಯನ್ನು ಸ್ನಾನಕ್ಕೆ ಮೊದಲು ಮಾತ್ರ ಹಚ್ಚಿ ತೊಳೆದುಬಿಡಿ, ಸೆಕೆಯಲ್ಲಿ ಮೈಮೇಲೆ ಉಳಿದ ಎಣ್ಣೆಗೆ ಬೆವರುಸಾಲೆ ಜಾಸ್ತಿ. ಕಲಬುರಗಿ, ರಾಯಚೂರಿನ ಒಣ ಚಳಿಗೆ, ಬೆಂಗಳೂರಿನ ಜನವರಿಗೆ ಸ್ನಾನವಾದ ಮೇಲೆ ಇನ್ನೂ ತುಸು ಹಸಿಯಿರುವ ಮೈಗೆ ಹಚ್ಚಿ. ಅಪ್ಪ ಅಮ್ಮ ಇಬ್ಬರಲ್ಲಿ ಯಾರಿಗಾದರೂ ಎಕ್ಸಿಮಾ, ಅಸ್ತಮಾ ಇದ್ದರೆ ಹಿಟ್ಟು, ಸುಗಂಧ ಎರಡನ್ನೂ ಮೊದಲ ದಿನದಿಂದ ದೂರವಿಡಿ. ದುಡ್ಡು ಸ್ವಲ್ಪ ಇದ್ದರೆ ಅದನ್ನು ಉಡುಗೊರೆ ಡಬ್ಬದ ಮೇಲೆ ಹಾಕಬೇಡಿ, ಒಳ್ಳೆ ಡಯಾಪರಿಗೋ ಬಟ್ಟೆ ಒಗೆಯುವವರಿಗೋ ಕೊಡಿ.

ಕೆಲವು ಹೊತ್ತಿನಲ್ಲಿ ಮಾತ್ರ ಎಣ್ಣೆ, ಕ್ರೀಮಿನ ಪ್ರಶ್ನೆಯೇ ಇಲ್ಲ, ನೇರ ಆಸ್ಪತ್ರೆ. ಮೈಮೇಲೆ ಕೀವು ತುಂಬಿದ ಗುಳ್ಳೆ ಅಥವಾ ನೀರು ತುಂಬಿದ ಬೊಬ್ಬೆ. ಹೊಕ್ಕುಳ ಸುತ್ತ ಕೆಂಪು ಹರಡಿ ವಾಸನೆ ಬಂದರೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಂದರೆ 100.4 ಫ್ಯಾರನ್‌ಹೀಟ್. ಒತ್ತಿದರೂ ಮಾಯವಾಗದ ಕೆಂಪು-ನೇರಳೆ ಚುಕ್ಕೆ. ತುಟಿ, ನಾಲಗೆ ನೀಲಿಯಾದರೆ. ಮಗು ಮೊಲೆ ಹಿಡಿಯದೆ ಮಂಕಾದರೆ. ಕಾಮಾಲೆಯ ಹಳದಿ ಮೊದಲ 24 ಗಂಟೆಯಲ್ಲೇ ಕಂಡರೆ, ಇಲ್ಲವೇ ಅಂಗೈ ಅಂಗಾಲಿಗೆ ಇಳಿದರೆ. ಹಳದಿಗೆ ಬಿಸಿಲು ಕಾಯಿಸುತ್ತಾ ಕೂರಬೇಡಿ, ಅದು ಚಿಕಿತ್ಸೆಯಲ್ಲ.

ಹಳ್ಳಿಯಲ್ಲಿದ್ದು ಡಾಕ್ಟರು ದೂರವೆಂದರೆ ಆಶಾ ಕಾರ್ಯಕರ್ತೆ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಅವರು 42 ದಿನದೊಳಗೆ ಆರು ಸಲ ಮನೆಗೆ ಬಂದು ನೋಡಬೇಕು. ಅವರು ಬಂದಾಗ ಮಗುವಿನ ಬಟ್ಟೆ ಬಿಚ್ಚಿ ಪೂರ್ತಿ ಮೈ ತೋರಿಸಿ. ಡಾಕ್ಟರಿಗೆ ಫೋಟೊ ಕಳಿಸುವುದಾದರೆ ಹಗಲಿನ ಬೆಳಕಲ್ಲಿ, ಕಿಟಕಿ ಪಕ್ಕ ತೆಗೆಯಿರಿ. ಹಳದಿ ಬಲ್ಬಿನ ಕೆಳಗೆ ಎಲ್ಲ ಮಕ್ಕಳಿಗೂ ಕಾಮಾಲೆ ಬಂದ ಹಾಗೇ ಕಾಣುತ್ತದೆ.